ಕುರ್ಚಿಗೊಂದು ಕೋಟು

ಜನವರಿ 12

ಮತ್ತೆ ಅದೇ ಮಸೂದೆ. ಸರ್ಕಾರಿ ನೌಕರರು ಮನೆಯಿಂದಲೇ ಕೆಲಸ ಮಾಡುವ ಕಾನೂನು. ಕರಡು ಬರೆಯುವವನು ನಾನು. ಹತ್ತಕ್ಕೆ ಕಚೇರಿಯ ಆಯಾ ಕೆರೂಬೊಮ್ಮನ ಚಹಾ, ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ. ಪಕ್ಕದ ಮೇಜಿನ ಸ್ಯೋಂಬುವಾ ಬಂದಳು.

“ಅಣ್ಣಾ, ವಾರಪೂರ್ತಿ ಮನೆ ಅಂತಾನೇ ಬರಿ. ಕಿಟೆಂಗೆಲಾದಲ್ಲಿ ಕತ್ತಲಲ್ಲೇ ಮಟಾಟು ವ್ಯಾನು ಹತ್ತೀನಿ, ಕತ್ತಲಲ್ಲೇ ಇಳೀತೀನಿ. ನನ್ನ ಮಗು ನನ್ನನ್ನೇ ಆಂಟಿ ಅನ್ನತ್ತೆ!”

ಬರೆದೆ. ಅವಳಿಗೆ ಮನೆಯಲ್ಲಿ ಮಗು. ನನಗೆ ಉಮೋಜಾದಲ್ಲೊಂದು ರೂಮು. ಹೆಂಡತಿ ವಾವುಡಾ ತೀರಿಕೊಂಡ ಮೇಲೆ ಅಲ್ಲಿ ಮಾತಾಡುವುದು ರೇಡಿಯೊ ಮಾತ್ರ.

ಮಂಚವೇ ಮೇಜು, ಗೋಡೆಯೇ ಗೋಜು. ಪ್ರಾಸವೇನೋ ಕೂತಿತು...

ಫೆಬ್ರವರಿ 3

ಕರಡಿಗೆ ಸದ್ದಿಲ್ಲದೆ ಒಂದು ಸಾಲು ಸೇರಿಸಿದ್ದೆ— ಇಷ್ಟವಿದ್ದವರು ಕಚೇರಿಗೆ ಬರಬಹುದು. ನಿರ್ದೇಶಕಿ ಚೆಪ್ಕೆಮೊಯ್ ಮೇಡಂ ಮೀಟಿಂಗಿನಲ್ಲಿ ಕನ್ನಡಕ ಇಳಿಸಿದರು.

“ಇದ್ಯಾರಿಗ್ರೀ? ಖಾಲಿ ಕಟ್ಟಡಕ್ಕೆ ಲೈಟು ಹಾಕ್ಕೊಂಡು ಕೂರೋದಾ? ಬರ್ತೀನಿ ಅನ್ನೋ ಒಬ್ಬನ್ನ ತೋರಿಸಿ!”

“ನಮ್ಮ ಮ್ವಾದಿಮೆ ಅಣ್ಣ ಬರ್ತಾನೆ ಮೇಡಂ, ಮಂದಾಜಿ ಆಸೆಗೆ,” ಅಂದಳು ಸ್ಯೋಂಬುವಾ, ನನ್ನತ್ತ ಕೈ ತೋರಿಸಿ.

ಎಲ್ಲರೂ ನಕ್ಕರು. ನಾನೂ. ಹೌದು, ಬರ್ತೀನಿ ಅನ್ನಬಹುದಿತ್ತು. ಬಾಯಿ ನಗುತ್ತಲೇ ಇತ್ತು. ಆ ಸಾಲು ಅಳಿಸಿ, ಮೇಡಂ ಹೇಳಿದ್ದನ್ನು ಹಾಕಿದೆ— ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಏಪ್ರಿಲ್ 30

ಸಂಸತ್ತು ಒಪ್ಪಿತು. ಇಂದು ಕಚೇರಿಯಲ್ಲಿ ಕಡೆಯ ದಿನ. ಎಲ್ಲರೂ ಕುರ್ಚಿಯ ಬೆನ್ನಿಗಿದ್ದ ಕೋಟು ತೆಗೆದುಕೊಂಡರು. ನಮ್ಮಲ್ಲಿ ಕೋಟು ಇದ್ದರೆ ಆಸಾಮಿ ಇದ್ದಂತೆ. ಮಾರ್ಕೆಟ್ಟಿಗೆ ಹೋಗಿರಲಿ, ಮದುವೆಗೆ ಹೋಗಿರಲಿ— “ಇಲ್ಲೇ ಎಲ್ಲೋ ಇದ್ದಾರೆ ಸಾರ್.”

ನನ್ನದನ್ನು ಬಿಟ್ಟು ಬಂದೆ. ಮರೆತು ಅಲ್ಲ.

ಮೇ 19

ಕೆಲಸ ಮುಗಿಯಿತು. ಇವತ್ತು ಯಾರ ಜೊತೆಗೂ ಮಾತಿಲ್ಲ. ಮೀಟಿಂಗಿನಲ್ಲಿ ಕೂಡ ಮ್ಯೂಟು. ಸಂಜೆ ಅಂಗಡಿಯಲ್ಲಿ “ಹಾಲು” ಅಂದೆ. ದನಿ ಗೊಗ್ಗರಾಗಿತ್ತು.

ಜೂನ್ 8, ಬೆಳಿಗ್ಗೆ

ಕೆರೂಬೊಮ್ಮನ ಫೋನು. ಅವಳನ್ನು ಕಚೇರಿಯ ಕಸ ಗುಡಿಸಲು, ಕಾವಲಿನವರಿಗೆ ಚಹಾ ಕಾಯಿಸಲು ಉಳಿಸಿಕೊಂಡಿದ್ದಾರೆ.

“ಎಲ್ಲಿ ಅಲೀತಿದ್ದೀಯೋ ಮಗಾ? ದಿನಾ ಚಾ ಇಟ್ಟು ಹೋಗ್ತೀನಿ, ದಿನಾ ಆರಿದ್ದನ್ನ ಚೆಲ್ತೀನಿ! ನನ್ನ ಚಾ ರುಚಿ ಕೆಟ್ಟಿದ್ರೆ ಮುಖ ನೋಡಿ ಹೇಳು.”

“ನಾನು ಮನೇಲಿದೀನಮ್ಮ. ಎಲ್ಲರೂ ಮನೇಲೇ.”

“ಅವರು ಹೋದ್ರು, ಗೊತ್ತು. ನಿನ್ನ ಕೋಟು ಇದೆಯಲ್ಲೋ!”

ಒಂದು ತಿಂಗಳಿಂದ ನನ್ನ ಕೋಟಿಗೆ ಚಹಾ ಕೊಟ್ಟಿದ್ದಾಳೆ. ನಗಬೇಕೆಂದುಕೊಂಡೆ. ಆಗಲಿಲ್ಲ. ಶರ್ಟು ಇಸ್ತ್ರಿ ಮಾಡಿದೆ.

ಅದೇ ದಿನ, ಸಂಜೆ

ಕಚೇರಿಯ ಗೇಟಿನಲ್ಲಿ ತಡೆದರು. ಕಾವಲಿನವನು ಹೊಸಬ, ವಿನಯವಂತ.

“ಅನುಮತಿ ಪತ್ರ ಇಲ್ದೆ ಬಿಡೋ ಹಾಗಿಲ್ಲ ಸಾರ್. ಕಾನೂನು.”

“ಗೊತ್ತಪ್ಪ. ಬರೆದವನು ನಾನೇ.”

“ಓಹೋ! ನಾನೂ ಗವರ್ನರ್ರೇ ಸಾರ್, ಡ್ಯೂಟಿ ಮೇಲೆ ಈ ವೇಷ.” ಆಮೇಲೆ ಮೆತ್ತಗೆ, “ಏನು ಕೆಲಸ ಇತ್ತು?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

“ಕೆಲಸ ಏನೂ ಇಲ್ಲ. ಮನೇಲಿ ಒಬ್ಬನೇ ಇರೋಕಾಗ್ತಿಲ್ಲ. ಸುಮ್ನೆ ಕೂತ್ಕೊಳ್ಳೋಣ ಅಂತ ಬಂದೆ.”

ತಲೆ ಕೆರೆದುಕೊಂಡ. ಗೇಟು ತೆಗೆಯಲಿಲ್ಲ. ತನ್ನ ಸ್ಟೂಲನ್ನು ಗೇಟಿನ ಮೇಲಿಂದ ಹೊರಗೆ ಇಳಿಸಿ, ತಾನು ಒಳಗೆ ಇಟ್ಟಿಗೆ ಮೇಲೆ ಕೂತ.

“ಹೇಳಿ ಸಾರ್,” ಅಂದ.

ಏನು ಹೇಳುವುದು, ಎಲ್ಲಿಂದ ಶುರುಮಾಡುವುದು... ವಾವುಡಾ ಅಂತ ನನ್ನ ಹೆಂಡತಿ, ಅಂದೆ. ಅವಳು—