ಮೇಷ್ಟರಿಗೆ ಕುಡಿಸಿದ ನೀರು

ಜೂನ್ ೧೧, ಬುಧವಾರ

ಹನ್ನೆರಡು ಜನರ ಮನೆಗೆ ಹಿರಿಯಳು ನಾನು. ಹಾಸಿಗೆ ಹಿಡಿದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡ ಹೆಮ್ಮೆಯಿಂದಲೇ, ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ಕೆಲಸ ಶುರುಮಾಡಿದೆ. ಇವತ್ತು ಮೂರನೆಯ ದಿನ. ಲಕ್ವ ಹೊಡೆದ ಮೇಷ್ಟರಿಗೆ, ಅತ್ತೆಗೆ ಕುಡಿಸುತ್ತಿದ್ದ ಹಾಗೆಯೇ, ಮಲಗಿದ್ದಲ್ಲೇ ಚಮಚದಲ್ಲಿ ನೀರು ಕುಡಿಸಿದೆ. ನೀರು ನೆತ್ತಿಗೇರಿ ಅವರ ತುಟಿ ನೀಲಿಯಾಯಿತು. ಎತ್ತಿ ಕೂರಿಸಿದ ಮೇಲೆ ಉಸಿರು ಬಂತು. ಯಾರೂ ನೋಡಲಿಲ್ಲ. ಸಂಜೆ ಅವರ ಮಗಳು, "ನೀವಿದ್ದೀರಲ್ಲಮ್ಮ, ನಂಗೆ ನಿಶ್ಚಿಂತೆ" ಅಂದಳು. ನಡೆದದ್ದನ್ನು ಹೇಳದೆ ಮನೆಗೆ ಬಂದುಬಿಟ್ಟೆ.

ಮನೆಯಲ್ಲಿ ಹೇಳಿಕೊಂಡರೆ ಸೊಸೆ ನಕ್ಕಳು. "ಮನೆಗೆಲ್ಲ ಹುಲಿ ನೀವು, ಒಂದು ಚಮಚ ನೀರಿಗೆ ಹೆದರ್ತೀರಾ ಅತ್ತೆ?"

ಹೆದರಿದ್ದೇನೆ. ನನ್ನ ಅತ್ತೆಯೂ ಕೊನೆಕೊನೆಗೆ ನೀರು ಕುಡಿದಾಗಲೆಲ್ಲ ಕೆಮ್ಮುತ್ತಿದ್ದರು. ವಯಸ್ಸಾಯಿತು ಅಂದುಕೊಂಡಿದ್ದೆ. ಆ ಯೋಚನೆಯನ್ನು ಮುಂದಕ್ಕೆ ಬಿಡಲು ಧೈರ್ಯವಿಲ್ಲ.

ಈಗಷ್ಟೇ ಮೇಷ್ಟರ ಮಗಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನನ್ನು ಡಾಕ್ಟರಿಗೆ ತೋರಿಸು, ಇಂಥವರಿಗೆ ನೀರು ಕುಡಿಸುವುದನ್ನು ನರ್ಸಿನ ಹತ್ತಿರ ಕಲಿಯುವವರೆಗೂ ನಾನು ಬರುವುದಿಲ್ಲ ಅಂದೆ.