ಇಲ್ಲದ ಸಕ್ಕರೆ ಕಾಯಿಲೆ

ನವೆಂಬರ್ 9, ಬೆಳಗ್ಗೆ
ಕೆಟ್ಟ ಕನಸು. ಚರ್ಚಿನಲ್ಲಿ ಕಾಣಿಕೆ ತಟ್ಟೆಯ ಬದಲು ತೂಕದ ಯಂತ್ರವನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. ನನ್ನ ಸರದಿ ಬಂತು. ಎಚ್ಚರವಾಯಿತು.
ತೆಳ್ಳಗಾಗುವ ಪುಡಿ ಕಲಸಿ ಕುಡಿದೆ. ಸೀಮೆಸುಣ್ಣದ ರುಚಿ. ಚೆಲ್ಲುವ ಹಾಗಿಲ್ಲ — ಡಾಯ್ಲ್‌ನ ಹಲ್ಲಿನ ದುಡ್ಡು ಅದು.

ನವೆಂಬರ್ 10
ಬರೆದರೆ ಹಗುರವಾದೀತೇನೋ.
ಶಾಲೆಯ ಅಡುಗೆಮನೆಯ ನನ್ನ ಸಂಬಳದಲ್ಲಿ, ತೆರಿಗೆ ಹಿಡಿಯುವ ಮೊದಲೇ, ಒಂದಿಷ್ಟು ಆರೋಗ್ಯದ ಖಾತೆಗೆ ಹೋಗುತ್ತದೆ. ಔಷಧಿ, ಕನ್ನಡಕ, ಹಲ್ಲು — ಇಂಥದ್ದಕ್ಕೆ ಮಾತ್ರ. ಈ ವರ್ಷದ್ದು ನನ್ನ ಗಂಡ ಡಾಯ್ಲ್‌ನ ಒಡೆದ ದವಡೆಹಲ್ಲಿಗೆ ಎಂದು ಮಾತಾಗಿತ್ತು. ಆದರೆ ಹೊಸ ಏಪ್ರನ್ನಿನ ದಾರ ಬೆನ್ನ ಹಿಂದೆ ಗಂಟಿಗೆ ಸಿಗಲಿಲ್ಲ. ಜೊತೆ ಕೆಲಸದ ಹುಡುಗಿಯರು ನಕ್ಕರು... ತೆಳ್ಳಗಾಗುವ ಪುಡಿಗೆ ಆ ಖಾತೆಯ ಕಾರ್ಡ್ ಸುಮ್ಮನೆ ನಡೆಯದು. ರೋಗ ಇರಬೇಕು, ಡಾಕ್ಟರು ಬರೆದುಕೊಡಬೇಕು. ಪುಡಿ ಮಾರುವವರೇ ಫೋನಿನಲ್ಲಿ ಡಾಕ್ಟರ ಪ್ರಶ್ನೆಗಳನ್ನು ಕಳಿಸಿದರು. ಸಕ್ಕರೆ ಕಾಯಿಲೆ ಇದೆಯೇ? ಅಮ್ಮನಿಗೆ ಇತ್ತಲ್ಲ... ‘ಹೌದು’ ಒತ್ತಿದೆ. ಮುಖ ನೋಡದ ಡಾಕ್ಟರು ಒಪ್ಪಿಯೇಬಿಟ್ಟರು. ಖಾತೆಯ ದುಡ್ಡೆಲ್ಲ ಪುಡಿಗೆ ಹೋಯಿತು.

ನವೆಂಬರ್ 14
ಡಬ್ಬಗಳು ಡಾಯ್ಲ್ ಕಣ್ಣಿಗೆ ಬಿದ್ದವು.
“ಏನೇ ನೆಡ್ರಾ ಇದು? ಕರುಗೆ ಕಲಸೋ ಹಿಂಡಿ ಥರ ಇದೆ!”
“ಡಾಕ್ಟರು ಬರೆದುಕೊಟ್ಟಿದ್ದು.”
“ಯಾಕೆ?”
“ಸಕ್ಕರೆ.”
ಬಾಯಿಂದ ಬಂದೇಬಿಟ್ಟಿತು. ನಗುತ್ತಿದ್ದವನು ಕುರ್ಚಿ ಎಳೆದು ಕೂತ. ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನೆಲ್ಲ ಬಿಡಿಸಿ ನೋಡಿದ. ಅಮ್ಮನ ಕಾಲು ಕತ್ತರಿಸಿದಾಗ ಆಸ್ಪತ್ರೆಯಲ್ಲಿ ಇದ್ದವನು ಅವನೇ.
“ಹಲ್ಲೇನ್ ಮಹಾ, ಕೀಳಿಸಿಬಿಡ್ತೀನಿ. ನಿನ್ ಔಷಧಿ ಆಗ್ಲಿ ಮೊದ್ಲು.”
ಆಗಲೇ ಹೇಳಬಹುದಿತ್ತು.

ನವೆಂಬರ್ 28
ಥ್ಯಾಂಕ್ಸ್‌ಗಿವಿಂಗ್ ಊಟ ನಾದಿನಿ ಲೂಡೀನ್ ಮನೆಯಲ್ಲಿ. ಸಿಹಿ ಪೆಕಾನ್ ಪೈಗೆ ಕೈ ಚಾಚಿದೆ, ಪಟ್ ಅಂತ ಹೊಡೆದಳು.
“ಅತ್ತಿಗೆ, ಮುಟ್ಟಿದ್ರೆ ನೋಡು! ಇಡೀ ಚರ್ಚು ನಿನಗೋಸ್ಕರ ಮಂಡಿಯೂರಿದೆ, ನೀನು ಪೈ ತಿಂತಾ ಕೂತ್ಕೋತೀಯಾ?”
ಪ್ರಾರ್ಥನೆಗೆ ಡಾಯ್ಲ್ ನನ್ನ ಹೆಸರು ಕೊಟ್ಟಿದ್ದಾನೆ. ಬುಧವಾರ ಬುಧವಾರ ಓದುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಡಾಯ್ಲ್ ಟರ್ಕಿ ಕೋಳಿಯ ಮಾಂಸವನ್ನು ಒಂದೇ ಕಡೆಯ ದವಡೆಯಲ್ಲಿ ಅಗಿಯುತ್ತಿದ್ದ.

ಡಿಸೆಂಬರ್ 3
ಹಲ್ಲು ಕೀಳಿಸಿಕೊಂಡು ಬಂದ. ಕೆನ್ನೆ ಊದಿದೆ, ಬಾಯಿ ತುಂಬ ಹತ್ತಿ. ಬಾಗಿಲಲ್ಲೇ ಸನ್ನೆ ಮಾಡಿ ಕೇಳಿದ — ಪುಡಿ ಕುಡಿದೆಯಾ?

ಡಿಸೆಂಬರ್ 13
ಎಷ್ಟು ಬೇಡವೆಂದರೂ ಕೇಳದೆ ಕ್ಲಿನಿಕ್ಕಿಗೆ ಕರೆದೊಯ್ದ. ನರ್ಸಮ್ಮ ಬೆರಳು ಚುಚ್ಚಿ ರಕ್ತ ತೆಗೆದಳು. ಒಳಗೆ ಹೋಗಿ ಬಂದಳು.
“ನಿಮಗೆ ಸಕ್ಕರೆ ಅಂತ ಯಾರ್ರೀ ಹೇಳಿದ್ದು? ಒಂಚೂರೂ ಇಲ್ಲ.”
ಡಾಯ್ಲ್ ಟೋಪಿ ತೆಗೆದ. ಅಷ್ಟು ದೊಡ್ಡ ಗಂಡಸು, ಗೋಡೆಗೆ ಒರಗಿ ಅತ್ತುಬಿಟ್ಟ. ಆಮೇಲೆ ನಗು.
“ದೇವರು ಕೇಳಿಸ್ಕೊಂಡ ಕಣೇ! ಭಾನುವಾರ ಚರ್ಚಲ್ಲಿ ಎದ್ದು ನಿಂತು ಹೇಳ್ತೀನಿ, ಎಲ್ಲರ ಮುಂದೆ. ನೀನೂ ನನ್ ಪಕ್ಕ ನಿಂತ್ಕೋಬೇಕು.”
ನಕ್ಕಾಗ ಹಲ್ಲಿನ ಜಾಗ ಕಪ್ಪಗೆ ಕಂಡಿತು. ಈಗಲಾದರೂ ಹೇಳಲೇಬೇಕು. ಬಾಯಿ ತೆರೆದೆ. ಬಂದ ಮಾತು ಬೇರೆ —
“ಸಿಸ್ಟರ್, ಇನ್ನೊಂದ್ ಸಲ ನೋಡ್ತೀರಾ? ಸ್ವಲ್ಪನಾದ್ರೂ ಇರ್ಬೇಕು, ನೋಡಿ...”