ಮಿಸ್ ಕೂರುವ ಗುಂಪು

ರಾಮನಾಥಪುರ,
ಗುರುವಾರ

ದೀಪಶ್ರೀ ಮಿಸ್‌ಗೆ ನಮಸ್ಕಾರ.

ನಾನು ನಿಮ್ಮ ನಲಿಕಲಿ ತರಗತಿಯ ಶೋಭಿತಾಳ ಅಣ್ಣ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈ ವಾರವೂ ಅವಳು ಕಾರ್ಡು ಓದಲಿಲ್ಲ, ಶನಿವಾರ ಮನೆಯವರು ಬರಬೇಕು ಎಂದು ಹೇಳಿ ಕಳಿಸಿದ್ದೀರಿ. ಇದು ಹೊಗೆಸೊಪ್ಪು ಬೇಯಿಸುವ ಕಾಲ. ಅಪ್ಪ, ಅವ್ವ ಕೂಲಿ ಬಿಟ್ಟು ಬರಲಾರರು. ನಾನೂ ಬೇಕರಿ ಕೆಲಸ ಬೇಜಾರಾಗಿ ಬಿಟ್ಟು, ಈಗ ರಾತ್ರಿಯೆಲ್ಲ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದೇನೆ.

ನಿಜ ಹೇಳಿಬಿಡುತ್ತೇನೆ. ಅವಳಿಗೆ ಓದಲು ಬರುತ್ತದೆ. ಬೀಡಿ ಕಟ್ಟಿನ ಮೇಲಿರುವ ಎಚ್ಚರಿಕೆಯನ್ನು ಅಪ್ಪನಿಗೆ ದಿನಾ ಜೋರಾಗಿ ಓದಿ ಬೈಸಿಕೊಳ್ಳುತ್ತಾಳೆ. ಶಾಲೆಯಲ್ಲಿ ಯಾಕೆ ಓದಲ್ಲ ಎಂದು ನಿನ್ನೆ ಗದರಿದೆ.

“ಓದುದ್ರೆ ನನ್ನ ತಂತಾನೇ ಕಲಿಯೋ ಗುಂಪಿಗೆ ಆಕ್ಬುಡ್ತಾರೆ ಕಣಣ್ಣ. ಅಲ್ಲಿ ಮಿಸ್ಸು ಕೂರಾಕಿಲ್ಲ. ನೀನು ಅವ್ರಿಗೆ ಏಳ್ಬ್ಯಾಡ” ಅಂದಳು.

ಹೇಳದೆ ಇರಲು ನನ್ನಿಂದ ಆಗಲಿಲ್ಲ. ಮನೆಯಲ್ಲಿ ಅವಳ ಪಕ್ಕ ಕೂರಲು ಯಾರಿಗೂ ಪುರುಸೊತ್ತಿಲ್ಲ. ನಾನು ಕೂತರೂ ತೂಕಡಿಸುತ್ತೇನೆ. ಅವಳನ್ನು ಮುಂದಿನ ಗುಂಪಿಗೇ ಹಾಕಿ. ಆದರೆ ದಿನಾ ಸ್ವಲ್ಪ ಹೊತ್ತು ಅಲ್ಲಿಗೂ ಹೋಗಿ ಕೂತುಕೊಳ್ಳಿ. ಅಷ್ಟೂ ಮಕ್ಕಳಿಗೆ ನೀವೊಬ್ಬರೇ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಕವರು ಅಂಟಿಸಿಲ್ಲ. ದಾರಿಯಲ್ಲಿ ತೆಗೆದು ನೋಡದೆ ಇರುವವಳಲ್ಲ. ಮುಖ ಊದಿಸಿಕೊಂಡು ನಿಮ್ಮ ಕೈಗೆ ಕೊಟ್ಟರೆ, ಪೂರ್ತಿ ಓದಿದ್ದಾಳೆ ಎಂದು ತಿಳಿದುಕೊಳ್ಳಿ.

ಇಂತಿ,
ಶೋಭಿತಾಳ ಅಣ್ಣ
ಕೀರ್ತಿರಾಜ್